ಹಾಗಾದ್ರೆ ದುಡ್ಡು ಯಾರಿಗೆ ಕೊಡ್ಬೇಕು?

"ನಿಮಗೆ ಎಲ್ಲರ ಮೇಲೂ ಅನುಮಾನ. ಪಕ್ಷದವರ ಮೇಲೆ, ಟ್ರಸ್ಟಿನವರ ಮೇಲೆ, ಕೊನೆಗೆ ಕ್ಯೂಆರ್ ಕೋಡ್ ಮೇಲೂ. ಹಾಗಾದ್ರೆ ದುಡ್ಡು ಯಾರಿಗೆ ಕೊಡ್ಬೇಕು, ನೀವೇ ಹೇಳಿ ಮಾರಾಯ್ರೆ."

ಈ ಪ್ರಶ್ನೆ ನನಗೆ ಮದುವೆ ಮನೆಯ ಪಂಕ್ತಿಯಲ್ಲಿ ಬರುತ್ತದೆ, ದುರ್ಗಿಗುಡಿಯ ಹೋಟೆಲಿನಲ್ಲಿ ಬರುತ್ತದೆ, ಮಳೆಗಾಲದಲ್ಲಂತೂ ಜಾಸ್ತಿಯೇ ಬರುತ್ತದೆ. ನನ್ನದು ಶಿವಮೊಗ್ಗದಲ್ಲಿ ತೆರಿಗೆ ಲೆಕ್ಕ ಬರೆಯುವ ಕೆಲಸ. ಊರು ತೀರ್ಥಹಳ್ಳಿ ಕಡೆ. ಬೇರೆಯವರ ರಸೀದಿ, ವೋಚರ್ ನೋಡಿಯೇ ಹೊಟ್ಟೆ ಹೊರೆಯುವವನಿಗೆ ಅನುಮಾನ ಕಸುಬಿನ ಜೊತೆಗೇ ಬರುತ್ತದೆ.

ಚಿಕ್ಕ ಉತ್ತರ ಇದು: ಲೆಕ್ಕ ಕೇಳಿದಾಗ ಮುಖ ಗಂಟು ಹಾಕಿಕೊಳ್ಳದವರಿಗೆ ಕೊಡಿ. ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ, ಹಾಗಾಗಿ ಉದ್ದದ ಉತ್ತರವನ್ನೂ ಬರೆದುಬಿಡುತ್ತೇನೆ.

ಭಾದ್ರಪದ ಬಂತೆಂದರೆ ನಮ್ಮ ಬೀದಿಯ ಹುಡುಗರು ಗಣಪತಿ ಚಂದಾ ಎತ್ತಲು ಬರುತ್ತಾರೆ. ಕಾರ್ಬನ್ ಹಾಳೆ ಇಟ್ಟು ಬರೆಯುವ ಹಳೇ ನಮೂನೆಯ ರಸೀದಿ ಪುಸ್ತಕ. ಮೇಲೆ ಗಣಪನ ಚಿತ್ರ, ಕೆಳಗೆ ಖಜಾಂಚಿ ಸಹಿಗೆ ಒಂದು ಚುಕ್ಕಿ ಸಾಲು. "ಹೋದ ವರ್ಷ ಎಷ್ಟು ಉಳೀತ್ರೋ?" ಅಂತ ಕೇಳುತ್ತೇನೆ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಮೇಲೆ ಒಬ್ಬ ಮೊಬೈಲ್ ತೆಗೆದು, ಪೆಂಡಾಲಿನ ಬೋರ್ಡಿಗೆ ಅಂಟಿಸಿದ್ದ ಹಾಳೆಯ ಫೋಟೋ ಹುಡುಕಿ ತೋರಿಸುತ್ತಾನೆ. ಮೂರ್ತಿ, ಶಾಮಿಯಾನ, ಹೂವು, ಪ್ರಸಾದದ ರವೆ-ಸಕ್ಕರೆ, ಡಿಜೆ. ಡಿಜೆಗೆ ಮೂರ್ತಿಗಿಂತ ಜಾಸ್ತಿ ಖರ್ಚು. ನನಗೆ ಆ ಡಿಜೆ ಕಂಡರಾಗದು, ಅದು ಬೇರೆ ಮಾತು. ಆದರೆ ಲೆಕ್ಕ ಬರೆದು ಎಲ್ಲರಿಗೂ ಕಾಣುವ ಹಾಗೆ ಅಂಟಿಸಿದ್ದರಲ್ಲ! ಕೊನೆಯ ದಿನ ಚಂದಾ ಕೊಟ್ಟವರ ಹೆಸರನ್ನೆಲ್ಲ ಮೈಕಿನಲ್ಲಿ ಓದುತ್ತಾರೆ, ನೂರೊಂದು ರೂಪಾಯಿ ಕೊಟ್ಟವರದ್ದೂ ಬಿಡದೆ.

ಈಗ ದೊಡ್ಡವರ ಚಂದಾ ನೋಡಿ. 2018ರಲ್ಲಿ ಚುನಾವಣಾ ಬಾಂಡ್ ಬಂತು. ಸ್ಟೇಟ್ ಬ್ಯಾಂಕಿನಲ್ಲಿ ಬಾಂಡ್ ಕೊಂಡು ಪಕ್ಷದ ಕೈಗಿಟ್ಟರೆ ಮುಗಿಯಿತು. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಅಂತ ಓಟು ಹಾಕುವವರಿಗೆ ತಿಳಿಯುವ ಹಾಗಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಇದನ್ನು ಒಮ್ಮತದಿಂದ ರದ್ದು ಮಾಡಿದರು. ವಿವರ ಕೊಡಲು ಬ್ಯಾಂಕು ಜೂನ್ 30ರ ತನಕ ಸಮಯ ಕೇಳಿತು. ಅಷ್ಟರಲ್ಲಿ ಲೋಕಸಭೆ ಚುನಾವಣೆಯೇ ಮುಗಿದಿರುತ್ತಿತ್ತು, ಅಲ್ವಾ? ಕೋರ್ಟು ಒಪ್ಪಲಿಲ್ಲ, ಮಾರ್ಚ್‌ನಲ್ಲೇ ಪಟ್ಟಿ ಹೊರಗೆ ಬಂತು. ಸಿಪಿಎಂ ಬಾಂಡ್ ಬೇಡ ಅಂದು ಕೋರ್ಟಿಗೂ ಹೋಗಿತ್ತು. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ಕುರ್ಚಿ ಕಂಡ ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂವರೂ ಬಾಂಡ್ ದುಡ್ಡು ತಗೊಂಡವರೇ. ಪಟ್ಟಿ ಬಂದಾಗ ನಮ್ಮ ಕಡೆ ಒಂದೆರಡು ದಿನ ಭಾರೀ ಮಾತಾಯಿತು. ಆಮೇಲೆ ಎಲ್ಲರೂ ಅಡಿಕೆ ರೇಟಿಗೆ ವಾಪಸಾದರು. ಬಾಂಡ್ ಹೋದರೂ ಗುಟ್ಟು ಪೂರ್ತಿ ಹೋಗಿಲ್ಲ. 20,000 ರೂಪಾಯಿಗಿಂತ ಕಮ್ಮಿ ದೇಣಿಗೆ ಕೊಟ್ಟವರು ಯಾರು ಅಂತ ಪಕ್ಷಗಳು ಚುನಾವಣಾ ಆಯೋಗಕ್ಕೆ ಇವತ್ತಿಗೂ ಹೇಳಬೇಕಾಗಿಲ್ಲ.

ಕೊರೊನಾ ಶುರುವಾದ 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಬಂತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದವರಿಗೆ, ಇದು ಆ ಕಾಯ್ದೆಯ ಕೆಳಗೆ ಬರುವ ಸಂಸ್ಥೆ ಅಲ್ಲ ಅಂತ ಪ್ರಧಾನಿ ಕಚೇರಿ ಉತ್ತರ ಕೊಟ್ಟಿತು. ಹೆಸರಿನಲ್ಲಿ ಪ್ರಧಾನಿ ಇದ್ದಾರೆ, ಅಧ್ಯಕ್ಷರೂ ಅವರೇ. ನಮ್ಮ ಬೀದಿಯ ಖಜಾಂಚಿ ಇಂಥ ಉತ್ತರ ಕೊಟ್ಟಿದ್ದರೆ ಮರುವರ್ಷ ಪೆಂಡಾಲ್ ಏಳುತ್ತಿರಲಿಲ್ಲ.

ಇದನ್ನೆಲ್ಲ ಹೇಳಿದರೆ ಒಂದು ಗಾದೆ ನನ್ನ ಮೇಲೇ ಬೀಳುತ್ತದೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಸ್ವಾಮಿ, ಆ ಗಾದೆ ದಟ್ಟಿ ಇಸ್ಕೊಂಡವರ ಬಗ್ಗೆ. ನಾನು ಕೊಡುವವನು, ನಡುಮನೆಯಲ್ಲಿ ಕೂತೇ ಮೊಳ ಹಾಕುತ್ತೇನೆ. ಅಳತೆ ಕೇಳುವುದು ಈ ಜಿಲ್ಲೆಗೆ ಹೊಸದೂ ಅಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಜಮೀನಿನ ಒಡೆಯರ ಎದುರು ತಿರುಗಿ ನಿಂತರು. ಗೇಣಿ ಭತ್ತ ಅಳೆಯುವ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು ಅನ್ನುವುದು ಆ ಜಗಳದ ಬೇರುಗಳಲ್ಲಿ ಒಂದು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತದ್ದು ಎಲ್ಲರಿಗೂ ನೆನಪಿದೆ. ಭಾಷಣಗಳಲ್ಲಿ ಕೊಳಗದ ಮಾತು ಮಾತ್ರ ಬರುವುದೇ ಇಲ್ಲ.

ಇನ್ನು ರಸೀದಿ ವಿಷಯ. ಮಾರ್ಚ್ ತಿಂಗಳಲ್ಲಿ ನನ್ನ ಆಫೀಸಿಗೆ ಬರುವ ಕೆಲವರಿಗೆ ಇದ್ದಕ್ಕಿದ್ದಂತೆ ಕರುಣೆ ಉಕ್ಕುತ್ತದೆ. "ಸಾರ್, ಯಾವ್ದಾದ್ರೂ ಟ್ರಸ್ಟಿನ 80ಜಿ ರಸೀದಿ ಸಿಗುತ್ತಾ?" 80ಜಿ ಅಂದರೆ ದಾನ ಕೊಟ್ಟದ್ದಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ. ಟ್ರಸ್ಟಿಗೆ ಚೆಕ್ಕಿನಲ್ಲಿ ಕೊಟ್ಟು, ಅವರು ಸ್ವಲ್ಪ ಹಿಡಿದುಕೊಂಡ ಮೇಲೆ ಉಳಿದದ್ದನ್ನು ಕ್ಯಾಶಿನಲ್ಲಿ ವಾಪಸ್ ಪಡೆಯುವ ಆಟ ಅದು. ನಾನು ಅಂಥವರನ್ನು ಕಾಫಿ ಕುಡಿಸಿ ಕಳಿಸುತ್ತೇನೆ. ಈಗ ಟ್ರಸ್ಟುಗಳು ಯಾರಿಂದ ಎಷ್ಟು ಬಂತು ಅಂತ ಇಲಾಖೆಗೆ ವರದಿ ಸಲ್ಲಿಸಿ, ಕೊಟ್ಟವರಿಗೆ ಪ್ರಮಾಣಪತ್ರ ಕೊಡಬೇಕು. 2,000 ರೂಪಾಯಿಗಿಂತ ಮೇಲೆ ನಗದಾಗಿ ಕೊಟ್ಟರೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಂತೂ 80ಜಿ ಲೆಕ್ಕಕ್ಕೇ ಬರುವುದಿಲ್ಲ. ಆ ಪದ್ಧತಿಗೆ ಹೋದ ಮೇಲೆ ಕೆಲವರ ಮಾರ್ಚ್ ತಿಂಗಳ ಕರುಣೆ ಪೂರ್ತಿ ಒಣಗಿತು. ಒಬ್ಬರಂತೂ ಟ್ರಸ್ಟಿನ ಹೆಸರನ್ನೇ ಮರೆತಿದ್ದರು.

ವಾಟ್ಸಾಪಿನಲ್ಲಿ ಮಗುವಿನ ಫೋಟೋ, ಕೆಳಗೊಂದು ಕ್ಯೂಆರ್ ಕೋಡ್ ಬಂದರೆ ಏನು ಮಾಡಬೇಕು ಅಂತಲೂ ಕೇಳುತ್ತಾರೆ. ಮೊದಲು ಬಿಪಿಎಲ್ ಕಾರ್ಡ್ ಇದೆಯಾ ಅಂತ ಕೇಳಿ. ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುವ ದಾರಿ ಇದೆ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ವಿಚಾರಿಸಿದರೆ ಅದರಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಹೇಳುತ್ತಾರೆ. ಅದು ಸಾಲದು ಅಂತಾದರೆ ಆಸ್ಪತ್ರೆಯ ಅಂದಾಜು ಪತ್ರ ನೋಡಿ, ಒಳರೋಗಿ ನಂಬರ್ ಹಾಕಿ ಆಸ್ಪತ್ರೆಯ ಖಾತೆಗೇ ಕಟ್ಟಿ. ನಿಜವಾಗಿ ಕಷ್ಟದಲ್ಲಿರುವ ಮನೆಯವರು ಇದಕ್ಕೆ ಬೇಜಾರು ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಬೇಜಾರಾಗುವುದು ಫಾರ್ವರ್ಡ್ ಮಾಡಿದವರಿಗೆ.

2019ರ ಆಗಸ್ಟ್ ಮಳೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಒಂದು ಶಾಲೆಯಲ್ಲಿ ಸಾಮಾನು ಪಟ್ಟಿ ಬರೆಯಲು ನನ್ನನ್ನು ಕೂರಿಸಿದ್ದರು. ಮೂಲೆಯಲ್ಲಿ ಬಟ್ಟೆಯ ರಾಶಿ ಸೂರಿನ ತನಕ. ಗುಂಡಿ ಕಿತ್ತ ಅಂಗಿ, ಜಿಪ್ಪು ಹೋದ ಪ್ಯಾಂಟು, ರವಿಕೆ ಇಲ್ಲದ ಸೀರೆ, ಯಾರದೋ ಮದುವೆಯ ಕೋಟು ಕೂಡ. ಅಲ್ಲಿದ್ದ ಹೆಂಗಸರು ಕೇಳುತ್ತಿದ್ದದ್ದು ಪೊರಕೆ, ಫಿನಾಯಿಲ್, ಒಣ ಹಾಸಿಗೆ, ಪ್ಯಾಡ್. ಅದನ್ನು ತಂದವರು ಬೆರಳೆಣಿಕೆಯಷ್ಟು. ಕೋಟನ್ನು ಪಟ್ಟಿಯಲ್ಲಿ ಯಾವ ಕಾಲಮ್ಮಿಗೆ ಬರೆಯುವುದು ಅಂತಲೇ ತಿಳಿಯಲಿಲ್ಲ.

ಅದು ಹೋಗಲಿ. ದೊಡ್ಡ ದುಡ್ಡಿನ ಮಾತು ಬಂದದ್ದು ನೀರು ಇಳಿದ ಮೇಲೆ. ನೀರು ನುಗ್ಗಿದ ಮನೆಗೆ ತಕ್ಷಣಕ್ಕೆ 10,000, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿತು. ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಎ ಆದರೆ ಲಕ್ಷಗಳ ಮಾತು, ಸಿ ಆದರೆ ಸಾವಿರಗಳ ಮಾತು. ಮಣ್ಣಿನ ಗೋಡೆ ಬುಡದಲ್ಲಿ ನೆನೆದು, ಬಿರುಕು ಬಿಟ್ಟು, ಇನ್ನೂ ನಿಂತಿದೆ. ಅದು ಯಾವ ಅಕ್ಷರ? ನೋಡಲು ಬಂದ ದಿನ ನಿಂತಿತ್ತು, ಹಾಗಾಗಿ ಸಿ. ಮುಂದಿನ ಮಳೆಗೆ ಬೀಳುವ ಮನೆ ಅದು, ಮಲೆನಾಡಿನಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ಎ ಸಿಕ್ಕಿದವರಿಗೂ ದುಡ್ಡು ಒಟ್ಟಿಗೆ ಬರಲಿಲ್ಲ. ತಳಪಾಯ, ಗೋಡೆ, ಚಾವಣಿ ಅಂತ ಹಂತ ಹಂತವಾಗಿ, ಪ್ರತಿ ಹಂತಕ್ಕೂ ಫೋಟೋ. ಮನೆ ಇರುವ ಜಾಗವೇ ತಮ್ಮ ಹೆಸರಿನಲ್ಲಿ ಇಲ್ಲದವರ ಪಾಡು ಕೇಳಬೇಡಿ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿಸುವ 94ಸಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ವರ್ಷಗಟ್ಟಲೆ ಕಾದವರು ನಮ್ಮ ಕಡೆ ಊರೂರಿಗೂ ಇದ್ದಾರೆ.

ಅಕ್ಕಿ ಕಿಟ್ ಕೊಡಲು ಆಗ ಜನ ಕ್ಯೂ ನಿಂತಿದ್ದರು. ಆಕ್ಷೇಪಣೆ ಅರ್ಜಿ ಬರೆದುಕೊಟ್ಟು, ಅವರ ಜೊತೆ ತಾಲ್ಲೂಕು ಕಚೇರಿಯ ಬೆಂಚಿನಲ್ಲಿ ಮಧ್ಯಾಹ್ನದ ತನಕ ಕೂರುವವರು ಸಿಗಲಿಲ್ಲ. ಅದರಲ್ಲಿ ಫೋಟೋ ಚೆನ್ನಾಗಿ ಬರುವುದಿಲ್ಲ. ನನ್ನ ಪ್ರಕಾರ ಅಂದು ಮಾಡಬಹುದಾಗಿದ್ದ ಅತಿ ದೊಡ್ಡ ದಾನ ಅದೇ. ಈಗಲೂ ಯಾರಾದರೂ "ಕೈಯಲ್ಲಿ ದುಡ್ಡಿಲ್ಲ, ಏನು ಸಹಾಯ ಮಾಡ್ಲಿ?" ಅಂದರೆ ನಾನು ಹೇಳುವುದು ಇದನ್ನೇ: ಅರ್ಜಿ ಬರೆಯಲು ಕಲಿಯಿರಿ.

ಇಲ್ಲೇ ನನ್ನ ಇನ್ನೊಂದು ತಕರಾರು. ಕೊಡಬೇಕಾದ ಬಾಕಿಯನ್ನು ನಾವು ದಾನ ಅಂತ ಕರೆಯುತ್ತೇವೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿಯ ಕರೆಂಟಿನಲ್ಲಿ ಬೆಂಗಳೂರು ಬೆಳಗಿತು. ಮುಳುಗಡೆಯಾಗಿ ಕಾಡಿನ ಅಂಚಿಗೆ ಬಂದವರ ಮೊಮ್ಮಕ್ಕಳು ಇನ್ನೂ ಜಮೀನಿನ ಹಕ್ಕಿಗೆ ಅಲೆಯುತ್ತಿದ್ದಾರೆ. ಹಿನ್ನೀರಿನ ಆಚೆಯ ತುಮರಿ ಕಡೆಯವರು ಆರು ದಶಕ ಕಾದ ಮೇಲೆ ಸೇತುವೆ ತೆರೆದದ್ದು 2025ರ ಜುಲೈ 14ಕ್ಕೆ. ಅಲ್ಲಿಯ ತನಕ ಹುಷಾರು ತಪ್ಪಿದವರೂ ಲಾಂಚ್ ಕಾಯಬೇಕಿತ್ತು. ಇಷ್ಟಾಗಿಯೂ ಉದ್ಘಾಟನೆಯ ದಿನ ಕೇಂದ್ರ-ರಾಜ್ಯದವರಿಗೆ ಯಾರ ಸಾಧನೆ, ಯಾರನ್ನು ಕರೆದರು, ಯಾರನ್ನು ಬಿಟ್ಟರು ಅನ್ನುವುದೇ ಜಗಳ. ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಅಂದ ಹಾಗಾಯಿತು. ಲಾಕ್‌ಡೌನ್ ದಿನಗಳಲ್ಲಿ ಅಕ್ಕಿ ಚೀಲದ ಮೇಲೆ ನಾಯಕರ ಮುಖ ಅಚ್ಚಾಗಿ ಬಂದದ್ದೂ ಇದೇ ಜಾತಿಯದ್ದು. ಚೀಲ ಖಾಲಿಯಾದ ಮೇಲೆ ಜನ ಅದನ್ನು ಬಾಗಿಲಿಗೆ ಕಾಲೊರೆಸಲು ಹಾಸಿದರು. ಯಾರೂ ಬೇಕಂತ ಮಾಡಿದ್ದಲ್ಲ, ಚೀಲ ಗಟ್ಟಿ ಇತ್ತು.

ಗ್ಯಾರಂಟಿಗಳ ಬಗ್ಗೆಯೂ ಕೇಳುತ್ತಾರೆ, "ಬಿಟ್ಟಿ ಭಾಗ್ಯ ಅಲ್ವಾ ಸಾರ್?" ಅಂತ. ಕೇಳುವವರು ಸಾಮಾನ್ಯವಾಗಿ ತೋಟದವರು. ಅವರ ಪಂಪ್‌ಸೆಟ್ಟಿಗೆ 10 ಎಚ್‌ಪಿ ತನಕ ಕರೆಂಟು ಪುಕ್ಕಟೆ. ಸೊಸೈಟಿಯಲ್ಲಿ 5 ಲಕ್ಷದ ತನಕ ಬೆಳೆಸಾಲ ಬಡ್ಡಿಯಿಲ್ಲದೆ. ಅಡಿಕೆ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಅವರ ರಿಟರ್ನ್ಸ್ ತುಂಬುವವನು ನಾನೇ, ಹಾಗಾಗಿ ಜಾಸ್ತಿ ಹೇಳುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ನಮ್ಮ ಮನೆಗೆಲಸಕ್ಕೆ ಬರುವಾಕೆಗೆ ಅಂಗಡಿ ಸಾಲ ತೀರಿಸುವ ದುಡ್ಡು. ನನ್ನ ಸಿಟ್ಟು ಇರುವುದು ಅದು ತಿಂಗಳುಗಟ್ಟಲೆ ತಡವಾಗುವುದಕ್ಕೆ. ಯುವನಿಧಿಗೆ ನಮ್ಮ ಶಿವಮೊಗ್ಗದಲ್ಲೇ 2024ರ ಜನವರಿ 12ರಂದು ಚಾಲನೆ ಕೊಟ್ಟರು, ಊರೆಲ್ಲ ಫ್ಲೆಕ್ಸು. ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ಕೊಡುವುದು ತಪ್ಪಲ್ಲ. ಅಷ್ಟು ದೊಡ್ಡ ಸಂಭ್ರಮ ಯಾತಕ್ಕೆ ಅಂತ ಮಾತ್ರ ತಿಳಿಯಲಿಲ್ಲ. ಕೆಲಸ ಕೊಡುತ್ತಿದ್ದ ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಮಾತು ಅದರ ಹಿಂದಿನ ಜನವರಿಯಲ್ಲೇ ಬಂದಿತ್ತು.

"ಸರಿ, ನೀವು ಯಾವುದಕ್ಕೆ ಕೊಡ್ತೀರಿ?" ನಮ್ಮೂರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಖಾತೆಗೆ ಕೊಡುತ್ತೇನೆ. ಬೀದಿಯ ಗಣಪತಿಗೆ ಕೊಡುತ್ತೇನೆ. ಗುರುತಿನ ಹುಡುಗಿಯೊಬ್ಬಳ ಹಾಸ್ಟೆಲ್ ಫೀಸು ಕಾಲೇಜಿನ ಕೌಂಟರಿನಲ್ಲೇ ಕಟ್ಟುತ್ತೇನೆ. ಪಕ್ಷಗಳಿಗೆ ಒಂದು ಪೈಸೆ ಇಲ್ಲ.

ಇದರ ಜೊತೆ ಕಾಲುಸಂಕಕ್ಕೂ ಕೊಡುತ್ತೇನೆ, ಬೈದುಕೊಂಡು. ಊರಿನ ಹಳ್ಳಕ್ಕೆ ಪ್ರತಿವರ್ಷ ಮಳೆಗೆ ಮುಂಚೆ ನಾವೇ ಸಂಕ ಹಾಕುತ್ತೇವೆ. ಸಾಲಾಗಿ ನಾಲ್ಕು ಅಡಿಕೆ ಮರ, ಕೈಗೆ ಆಸರೆಯಾಗಿ ಒಂದು ಬಿದಿರಿನ ಗಳ, ಬಿಗಿಯಲು ತಂತಿ. ಆರಿದ್ರೆ ಮಳೆ ಹೊತ್ತಿಗೆ ಅಡಿಕೆ ಮರದ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಆಗ ಗೋಣಿಚೀಲ ಸುತ್ತಬೇಕು. ಅದರ ಮೇಲೆ ಮಕ್ಕಳು ಬ್ಯಾಗ್ ಹೊತ್ತು, ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಶಾಲೆಗೆ ದಾಟುತ್ತವೆ. ನಾವು ಹಾಕುತ್ತಲೇ ಇದ್ದರೆ ಪಂಚಾಯಿತಿ ಯಾವತ್ತೂ ಕಾಂಕ್ರೀಟ್ ಸಂಕ ಕಟ್ಟುವುದಿಲ್ಲ. ಹಾಕದೆ ಬಿಟ್ಟರೆ ಮಕ್ಕಳು ಶಾಲೆಗೆ ಹೋಗುವುದಿಲ್ಲ. ಲೆಕ್ಕದವನಿಗೂ ಇದಕ್ಕೆ ಉತ್ತರ ಸಿಕ್ಕಿಲ್ಲ.

ಈ ಸಲ ಒಂದು ಹೊಸ ಕೆಲಸ ಮಾಡಿದೆವು. ಮರ ಕಡಿದ ಕೂಲಿ, ತಂತಿ, ಮೊಳೆ, ಮಧ್ಯಾಹ್ನದ ಊಟ ಎಲ್ಲ ಬರೆದು, ಅಂಗಡಿ ಬಿಲ್ಲು ಲಗತ್ತಿಸಿ, ನೀವು ಮಾಡಬೇಕಾದ ಕೆಲಸಕ್ಕೆ ನಾವು ಇಷ್ಟು ಖರ್ಚು ಮಾಡಿದ್ದೇವೆ ಅಂತ ಪಂಚಾಯಿತಿಗೆ ಕೊಟ್ಟೆವು. ಪಿಡಿಒ ಎರಡು ಸಲ ಓದಿದರು. "ಸಾರ್, ಇದನ್ನ ನಾನು ಯಾವ ಹೆಡ್ಡಿಗೆ ಹಾಕ್ಲಿ?" ಅಂದರು. "ಹೆಡ್ಡು ಆಮೇಲೆ ನೋಡೋಣ, ಈಗ ಸ್ವೀಕೃತಿ ಕೊಡಿ" ಅಂದೆ. ಸೀಲು ಹಾಕಿ ಕೊಟ್ಟರು. ಮುಂದಿನ ಗ್ರಾಮಸಭೆಗೆ ಅದರ ಜೆರಾಕ್ಸ್ ಹಿಡಿದುಕೊಂಡು ಹೋಗುವುದು ಅಂತ ಮಾತಾಗಿದೆ.