ಸಣ್ಣ ರೈಲಿನ ಜಾಡು ಹುಡುಕುವವರು ಚಿಂತಾಮಣಿ ಕಡೆ ಹೋಗಿ

ನಂದಿ ಬೆಟ್ಟದ ಬಳಿಯ ನಂದಿ ಹಾಲ್ಟ್ ನಿಲ್ದಾಣದ ಮುಂದೆ ಫೋಟೊ ತೆಗೆಸಿಕೊಂಡು, ಕಿರಿದಾದ ಹಳಿಯ ಹಳೆಯ ರೈಲು ಮಾರ್ಗ ನೋಡಿಯಾಯಿತು ಎಂದು ಹಿಂತಿರುಗುವವರೇ ಹೆಚ್ಚು. ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆ ಆ ಕಟ್ಟಡವನ್ನು ಅಕ್ಕರೆಯಿಂದ ದುರಸ್ತಿ ಮಾಡಿಸಿದೆ, ನೋಡಲೇಬೇಕು. ಆದರೆ ಶನಿವಾರ, ಭಾನುವಾರ ಬೇಡ. ಬೆಟ್ಟಕ್ಕೆ ಬರುವ ವಾಹನಗಳ ಸಾಲು, ಹಾರನ್ನಿನ ಗದ್ದಲ ನನಗಂತೂ ಸಹಿಸಲಾಗಲಿಲ್ಲ.

ವಸತಿಯ ವಿಷಯದಲ್ಲೂ ಅಲ್ಲೇ ಮೋಸ ಹೋದೆ. ಬೆಟ್ಟ ಕಾಣುವ ಕೋಣೆ ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಕಿಟಕಿ ತೆರೆದರೆ ಎದುರಿಗೆ ಜನರೇಟರ್. ವಾರಾಂತ್ಯ ಎಂದು ಬಾಡಿಗೆ ದುಪ್ಪಟ್ಟು, ಬಿಸಿನೀರು ಬೆಳಗ್ಗೆ ಅರ್ಧ ಗಂಟೆ ಮಾತ್ರ. ಕೇಳಿದರೆ, 'ಸೀಸನ್ ಸರ್' ಎಂಬ ಉತ್ತರ. ಚಿಂತಾಮಣಿ ಬಸ್ ನಿಲ್ದಾಣದ ಸಮೀಪ ಅದರ ಮೂರನೇ ಒಂದು ಭಾಗಕ್ಕೆ ಚೊಕ್ಕಟವಾದ ಕೋಣೆ ಸಿಕ್ಕಿತು.

ಹೋಗುವ ಮೊದಲು ಇಷ್ಟು ತಿಳಿದಿರಲಿ. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ರೈಲು ಬಂತು. ಕೆಲವೇ ವರ್ಷಗಳಲ್ಲಿ ಅದೇ ಅಳತೆಯ ಹಳಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳನ್ನು ಯಲಹಂಕದೊಂದಿಗೆ ಜೋಡಿಸಿತು. 1990ರ ದಶಕದಲ್ಲಿ ಎರಡೂ ತುದಿಗಳು ಅಗಲ ಹಳಿಯ ಬ್ರಾಡ್‌ಗೇಜ್ ಆದವು. ಕೋಲಾರ–ಚಿಕ್ಕಬಳ್ಳಾಪುರ ನಡುವಿನ ಭಾಗ ಮಾತ್ರ ವರ್ಷಗಟ್ಟಲೆ ಮುಚ್ಚಿದ್ದು, 2013ರಲ್ಲಿ ಹೊಸ ಹಳಿಯೊಂದಿಗೆ ಮತ್ತೆ ತೆರೆಯಿತು.

ಹಾಗಾಗಿ ಹಳೆಯ ಮಾರ್ಗದ ಬಹುಪಾಲು ಹೊಸದರ ಅಡಿಯಲ್ಲೇ ಹೂತುಹೋಗಿದೆ. ಉಳಿದಿರುವುದೆಲ್ಲ ತಿರುವುಗಳಲ್ಲಿ. ಸಣ್ಣ ರೈಲು ಕೆರೆಯನ್ನೋ ಬಂಡೆಯನ್ನೋ ಬಳಸಿಕೊಂಡು ಹೋಗುತ್ತಿತ್ತು; ದೊಡ್ಡ ರೈಲಿಗೆ ಅಷ್ಟು ಬಿಗಿಯಾದ ತಿರುವು ಆಗದು. ಎಲ್ಲಿ ಹೊಸ ಹಳಿ ನೇರವಾಗಿ ಮಣ್ಣು ಕಡಿದು ಸಾಗಿದೆಯೋ ಅದರ ಪಕ್ಕದಲ್ಲಿ ಹುಡುಕಿ.

ನನಗೆ ಈ ಜಾಡು ತೋರಿಸಿದ್ದು ಚಿಂತಾಮಣಿಯ ಒಂದು ಸಣ್ಣ ಮೆಸ್. ನಾಲ್ಕೇ ಮೇಜು, ಬೋರ್ಡೂ ಇಲ್ಲ. ಎಂಬತ್ತು ರೂಪಾಯಿಗೆ ಎರಡು ಮುದ್ದೆ, ಬಸ್ಸಾರು, ಅದೇ ಸೊಪ್ಪು ಕಾಳಿನ ಪಲ್ಯ, ಅನ್ನ, ಮಜ್ಜಿಗೆ. ಮುದ್ದೆಯಲ್ಲಿ ಒಂದೇ ಒಂದು ಗಂಟಿಲ್ಲ. ಸಾರಿಗೆ ಬೆಳ್ಳುಳ್ಳಿ, ಮೆಣಸು ಹದವಾಗಿ ಅರೆದು ಹಾಕಿದ್ದರು. ಬಡಿಸುವ ಅಮ್ಮ, 'ಸಾರು ಸಾಲದಣ್ಣ' ಎನ್ನುತ್ತ ಕೇಳುವ ಮೊದಲೇ ಸುರಿಯುತ್ತಿದ್ದರು. ಹನ್ನೆರಡೂವರೆಗೇ ಹೋಗಿ, ಎರಡರ ಮೇಲೆ ಬಸ್ಸಾರು ಉಳಿಯುವುದಿಲ್ಲ. ಪಕ್ಕದಲ್ಲಿ ಉಣ್ಣುತ್ತಿದ್ದ ಹಿರಿಯರೊಬ್ಬರು ನನ್ನ ವಿಚಾರಣೆ ಕೇಳಿ, 'ಶಿಡ್ಲಘಟ್ಟದ ಕಡೆ ಹೋಗಿ, ಕೆರೆ ಏರಿ ದಾಟಿದ ಮೇಲೆ ಎಡಕ್ಕೆ ನೋಡಿ, ಕಲ್ಲಿನ ಮೋರಿ ಇದೆ' ಎಂದರು.

ಇತ್ತು. ಲಂಟಾನದ ಪೊದೆ ಸರಿಸಿದರೆ ಸೈಜುಗಲ್ಲಿನ ಎರಡು ಗೋಡೆ, ನಡುವೆ ಒಣಗಿದ ಹಳ್ಳ. ಮೇಲಿನ ಕಟ್ಟೆ ಒಂದು ಎತ್ತಿನ ಗಾಡಿ ಹೋಗುವಷ್ಟೇ ಅಗಲ. ಗಾರೆ ಉದುರಿದ್ದರೂ ಕಲ್ಲು ಒಂದೂ ಜರುಗಿಲ್ಲ. ಅಷ್ಟು ಗಟ್ಟಿ ಕೆಲಸದ ಪಕ್ಕದಲ್ಲೇ ಯಾರೋ ಕಟ್ಟಡದ ಕಸ ತಂದು ಸುರಿದಿದ್ದಾರೆ. ನೋಡಿ ಹೊಟ್ಟೆ ಉರಿಯಿತು. ನಂದಿ ಹಾಲ್ಟಿಗೆ ಸಿಕ್ಕ ಆರೈಕೆಯಲ್ಲಿ ಹತ್ತರಲ್ಲಿ ಒಂದು ಪಾಲು ಈ ಮೋರಿಗೂ ಸಿಗಬೇಕು.

ಓಡಾಟಕ್ಕೆ ರೈಲನ್ನು ನಂಬಬೇಡಿ, ಈ ಮಾರ್ಗದಲ್ಲಿ ಗಾಡಿಗಳು ಕಡಿಮೆ. ಚಿಂತಾಮಣಿ–ಶಿಡ್ಲಘಟ್ಟ ನಡುವೆ ಬಸ್ಸಿದೆ, ಹಳ್ಳಿ ಗೇಟಿನಲ್ಲಿ ಇಳಿದು ನಡೆಯಿರಿ. ಓಡುವ ಹಳಿಯ ಮೇಲೆ ಮಾತ್ರ ಕಾಲಿಡಬೇಡಿ. ಅಪಾಯವೂ ಹೌದು, ಕಾನೂನಿನ ಪ್ರಕಾರ ಅಪರಾಧವೂ ಹೌದು. ಹಳೆಯ ಕಟ್ಟೆ ಕೆಲವೆಡೆ ತೋಟದೊಳಗೆ ಸೇರಿದೆ, ಹಿಪ್ಪುನೇರಳೆ ಸಾಲಿಗೆ ಇಳಿಯುವ ಮೊದಲು ತೋಟದವರನ್ನು ಕೇಳಿ. ಮುಚ್ಚಿದ ಚಪ್ಪಲಿ, ಎರಡು ಲೀಟರ್ ನೀರು ಇರಲಿ. ಮಾರ್ಚ್ ಕಳೆದ ಮೇಲೆ ಹೋಗುವವರು ಬೆಳಗ್ಗೆ ಹತ್ತರೊಳಗೆ ನಡಿಗೆ ಮುಗಿಸಿಕೊಳ್ಳಿ.