ಜೆ-1 ವೀಸಾದ ಕೊನೆಯ ಸಂದರ್ಶನ: ಮಂಗಳೂರಿನಿಂದ ಚೆನ್ನೈಗೆ ಹೋಗಿಬಂದ ಅನುಭವ

ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಯ ಕೊನೆಯ ವರ್ಷದಲ್ಲಿದ್ದಾಗ ಅಮೆರಿಕದ ಜೆ-1 (ವಿನಿಮಯ ಸಂದರ್ಶಕರ ವೀಸಾ) ಇಂಟರ್ನ್ ಕಾರ್ಯಕ್ರಮಕ್ಕೆ ಅರ್ಜಿ ಹಾಕಿದ್ದೆ. ಪ್ರಾಯೋಜಕ ಸಂಸ್ಥೆಯವರೊಮ್ಮೆ, ಕೊಲೊರಾಡೊದ ರೆಸಾರ್ಟೊಂದರ ಅಡುಗೆಮನೆಯ ಮುಖ್ಯಸ್ಥರೊಮ್ಮೆ ವೀಡಿಯೊ ಕರೆಯಲ್ಲಿ ಮಾತನಾಡಿಸಿ ಒಪ್ಪಿಗೆ ಕೊಟ್ಟಾಗ, ಉಳಿದದ್ದೆಲ್ಲ ಕಾಗದಪತ್ರದ ಕೆಲಸವೆಂದೇ ತಿಳಿದಿದ್ದೆ. ಆದರೆ ನಿಜವಾದ ತೀರ್ಮಾನ ಆಗುವುದು ವೀಸಾ ಅಧಿಕಾರಿಯ ಕಿಟಕಿಯ ಮುಂದೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದ ಸುದ್ದಿ ಓದಿದ ನೆಂಟರೆಲ್ಲ ನನಗೆ ಅಲ್ಲಿಯೇ ಸಂದರ್ಶನವೆಂದು ಭಾವಿಸಿದ್ದರು. ಉದ್ಘಾಟನೆಯೊಂದಿಗೆ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲವಾದ್ದರಿಂದ ನಾನು ಹೋಗಬೇಕಾದದ್ದು ಚೆನ್ನೈಗೆ.

ಹೊರಡುವ ಮೊದಲೇ ಸರಿಪಡಿಸಿಕೊಳ್ಳಬೇಕಾದ ಸಂಗತಿಯೆಂದರೆ ಹೆಸರು. ನಮ್ಮ ಕಡೆ ಅನೇಕರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿರುತ್ತದೆ, ನನ್ನದೂ ಹಾಗೆಯೇ. ಅಂಥವರು ಡಿಎಸ್-160 ಎಂಬ ವೀಸಾ ಅರ್ಜಿಯಲ್ಲಿ ಇರುವ ಒಂದು ಹೆಸರನ್ನು ಉಪನಾಮದ ಜಾಗದಲ್ಲಿ ತುಂಬಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಎಂದರ್ಥ) ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆಯಬೇಕು. ನನ್ನ ಅರ್ಜಿ ನೋಡಿಕೊಳ್ಳುತ್ತಿದ್ದ ಏಜೆನ್ಸಿಯವರು ಉಪಕಾರ ಮಾಡುವ ಉತ್ಸಾಹದಲ್ಲಿ ತಂದೆಯ ಹೆಸರನ್ನೇ ಉಪನಾಮವೆಂದು ಕಳುಹಿಸಿಬಿಟ್ಟಿದ್ದರಿಂದ, ಪ್ರಾಯೋಜಕ ಸಂಸ್ಥೆ ಕೊಡುವ ಡಿಎಸ್-2019 ಎಂಬ ಅರ್ಹತಾ ಪತ್ರ ಪಾಸ್‌ಪೋರ್ಟಿನಲ್ಲಿ ಇಲ್ಲದ ಹೆಸರನ್ನು ಹೊತ್ತು ಬಂತು. ಅದನ್ನು ತಿದ್ದಿಸಿ ಹೊಸದನ್ನು ತರಿಸಿಕೊಳ್ಳಲು ಹನ್ನೆರಡು ದಿನ ಹಿಡಿಯಿತು. ಪತ್ರ ಕೈಸೇರಿದ ದಿನವೇ ಒಂದೊಂದು ಅಕ್ಷರವನ್ನೂ ಪಾಸ್‌ಪೋರ್ಟಿನ ಜೊತೆ ಹೋಲಿಸಿ ನೋಡಿ. ವೀಸಾ ಶುಲ್ಕ 185 ಡಾಲರ್ ಮತ್ತು ಸೆವಿಸ್ (ವಿದೇಶಿ ವಿದ್ಯಾರ್ಥಿಗಳ, ವಿನಿಮಯ ಸಂದರ್ಶಕರ ದಾಖಲೆ ವ್ಯವಸ್ಥೆ) ಶುಲ್ಕ 220 ಡಾಲರ್ ಬೇರೆ ಬೇರೆ ಪಾವತಿಗಳು. ಎರಡರ ರಸೀದಿಯೂ ಕೈಯಲ್ಲಿರಲಿ. ಕಳೆದ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಡಿಎಸ್-160 ಕೇಳುತ್ತದೆ. 2025ರ ಜೂನ್‌ನಿಂದ ಜೆ ವೀಸಾದವರು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಸೂಚನೆಯೂ ಇದೆ.

ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಡಿಎಸ್-7002 ಎಂಬ ತರಬೇತಿ ಯೋಜನೆಗೆ. ಹೆಚ್ಚಿನವರು ಅದಕ್ಕೆ ಸಹಿ ಹಾಕಿ ಮರೆತುಬಿಡುತ್ತಾರೆ. ಏಜೆನ್ಸಿಗಳು ಕೊಡುವ ಪ್ರಶ್ನೋತ್ತರದ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಕೆಲವು ಪುಟಗಳನ್ನು ನಾಲ್ಕು ಸಲ ಓದುವುದು ಮೇಲು. ಏಕೆಂದರೆ ಇಂಟರ್ನ್ ವೀಸಾ ಇರುವುದು ಕಲಿಯುವವರಿಗೆ. ಕೆಲಸಗಾರರ ಕೊರತೆ ತುಂಬಲು ಬರುವವರಿಗಲ್ಲ. ಹೋಟೆಲ್ ಕ್ಷೇತ್ರದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ತರಬೇತಿಯಾದರೆ ಕನಿಷ್ಠ ಮೂರು ವಿಭಾಗಗಳಲ್ಲಿ ಸರದಿಯಂತೆ ಕಲಿಸಬೇಕು, ಗುಮಾಸ್ತಿಕೆಯ ಕೆಲಸ ಶೇ 20ನ್ನು ಮೀರಬಾರದು, ವಾರಕ್ಕೆ ಕನಿಷ್ಠ 32 ಗಂಟೆಯ ಕಾರ್ಯಕ್ರಮವಿರಬೇಕು ಎಂದು ನಿಯಮವೇ ಇದೆ. ನನ್ನ ಯೋಜನೆಯಲ್ಲಿ ಮೊದಲು ತಣ್ಣನೆಯ ಅಡುಗೆ, ಆಮೇಲೆ ಬೇಕರಿ, ಕೊನೆಗೆ ಔತಣಕೂಟದ ಅಡುಗೆ ಎಂದಿತ್ತು. ಪ್ರತಿ ಹಂತದಲ್ಲೂ ಯಾರು ಕಲಿಸುತ್ತಾರೆ, ಏನನ್ನು ಕಲಿಯುತ್ತೇನೆ ಎಂಬುದನ್ನು ಸ್ವಂತ ಮಾತಿನಲ್ಲಿ ಹೇಳಲು ಬರುವವರೆಗೂ ಓದಿಕೊಂಡೆ.

ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಡುವ ಚೆನ್ನೈ ಮೇಲ್ ಮರುದಿನ ಬೆಳಗಿನ ಜಾವ ಚೆನ್ನೈ ಸೆಂಟ್ರಲ್ ತಲಪುತ್ತದೆ. ಬೆರಳಚ್ಚು ಮತ್ತು ಛಾಯಾಚಿತ್ರಕ್ಕಾಗಿ ಮೊದಲ ದಿನ ವೀಸಾ ಅರ್ಜಿ ಕೇಂದ್ರಕ್ಕೂ, ಎರಡನೆಯ ದಿನ ಕಾನ್ಸುಲೇಟಿಗೂ ಹೋಗಬೇಕಿದ್ದುದರಿಂದ, ರೈಲು ತಡವಾದರೂ ತೊಂದರೆಯಾಗದಂತೆ ಮೊದಲ ದಿನಕ್ಕೆ ಮಧ್ಯಾಹ್ನದ ಸಮಯವನ್ನೇ ಆಯ್ದುಕೊಂಡಿದ್ದೆ. ಎರಡೂ ಒಂದೇ ಕಟ್ಟಡದಲ್ಲಿಲ್ಲ. ಆಟೋದವರ ಮಾತಿಗಿಂತ ದೃಢೀಕರಣ ಪತ್ರದಲ್ಲಿ ಅಚ್ಚಾದ ವಿಳಾಸವನ್ನು ನಂಬಿ.

ಅಡುಗೆಮನೆಯಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ಹೊರಡುವ ನಾಲ್ಕು ದಿನ ಮೊದಲು ಕಾಲೇಜಿನ ಪ್ರಾಯೋಗಿಕ ತರಗತಿಯಲ್ಲಿ ಈರುಳ್ಳಿ ಹೆಚ್ಚುವಾಗ ಹೆಬ್ಬೆರಳ ತುದಿ ಕುಯ್ದುಕೊಂಡಿದ್ದೆ. ಜೊತೆಗೆ ಬಂದಿದ್ದ ಮಾವ ರೈಲಿನಲ್ಲೇ "ಬೆರಳಿಗೆ ಪ್ಲಾಸ್ಟರ್ ಹಾಕಿಕೊಂಡು ವೀಸಾಕ್ಕೆ ಹೋಗುದಾ ಮಾರಾಯ?" ಎಂದು ಕೇಳಿದಾಗ ನಕ್ಕಿದ್ದೆ. ಕೇಂದ್ರದಲ್ಲಿ ಹತ್ತು ಬೆರಳುಗಳ ಅಚ್ಚೂ ಬೇಕು. ಒಂಬತ್ತು ಬೆರಳು ಒಂದೇ ಪ್ರಯತ್ನದಲ್ಲಿ ಮುಗಿದವು. ಬಲ ಹೆಬ್ಬೆರಳಿಗೆ ಮಾತ್ರ ಯಂತ್ರ ಮತ್ತೆ ಮತ್ತೆ ಕೆಂಪು ದೀಪ ತೋರಿಸಿತು. ಅಲ್ಲಿದ್ದ ಹೆಣ್ಣುಮಗಳು ಒದ್ದೆ ಕಾಗದದಿಂದ ಬೆರಳು ಒರೆಸಿ, ಗಾಯವಿಲ್ಲದ ಬದಿಯನ್ನು ತುಸು ಹೊರಳಿಸಿ ಒತ್ತಿಸಿದಾಗ ಐದನೆಯ ಸಲಕ್ಕೆ ಹಸಿರು ಬಂತು. ಗಾಯ ಆಳವಾಗಿದ್ದರೆ ಮಾಯ್ದ ಮೇಲೆ ಇನ್ನೊಮ್ಮೆ ಬರಬೇಕಾಗುತ್ತಿತ್ತು. ಎರಡು ವಾರ ಮೊದಲಿನಿಂದಲೇ ಚಾಕು, ಬಿಸಿ ಎಣ್ಣೆಗಳ ಹತ್ತಿರ ಜಾಗ್ರತೆಯಿಂದಿರಿ.

ಕಾನ್ಸುಲೇಟ್ ಇರುವುದು ಅಣ್ಣಾ ಸಾಲೈನಲ್ಲಿ, ಜೆಮಿನಿ ಮೇಲ್ಸೇತುವೆಯ ಪಕ್ಕದಲ್ಲಿ. ಸೆಂಟ್ರಲ್‌ನಿಂದ ಮೆಟ್ರೊದಲ್ಲಿ ಬರುವವರು ಥೌಸಂಡ್ ಲೈಟ್ಸ್ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಮೊಬೈಲ್ ಒಳಗೆ ಬಿಡುವುದಿಲ್ಲವಾದ್ದರಿಂದ ಅದನ್ನು ಕೋಣೆಯಲ್ಲಿಯೋ ಜೊತೆಗಿದ್ದವರ ಕೈಯಲ್ಲಿಯೋ ಬಿಟ್ಟು, ಪಾರದರ್ಶಕ ಫೈಲಿನಲ್ಲಿ ಕಾಗದಗಳನ್ನಷ್ಟೇ ಹಿಡಿದು ಹೋಗಿ. ಮಾವ ಹತ್ತಿರದ ಸೆಮ್ಮೊಳಿ ಪೂಂಗಾ ಉದ್ಯಾನದ ಬಳಿ ನೆರಳು ಹುಡುಕಿಕೊಂಡು ಕುಳಿತರು. ಎಲ್ಲಿ ಸಿಗುತ್ತೇವೆಂದು ಮೊದಲೇ ಮಾತಾಡಿಕೊಂಡಿರಬೇಕು, ಹೊರಬಂದ ಮೇಲೆ ಕರೆ ಮಾಡಲು ನಿಮ್ಮ ಬಳಿ ಫೋನಿರುವುದಿಲ್ಲ.

ಗಾಜಿನ ಆಚೆಯಿದ್ದ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ ಮೊದಲ ಪ್ರಶ್ನೆ, ಅಲ್ಲಿಗೆ ಹೋಗಿ ಏನು ಮಾಡುತ್ತೀರಿ ಎಂಬುದು. ಪಕ್ಕದ ಕಿಟಕಿಯ ಹುಡುಗ ಅದೇ ಪ್ರಶ್ನೆಗೆ "ದುಡಿದು ಸಾಲ ತೀರಿಸುತ್ತೇನೆ" ಎಂಬರ್ಥದ ಉತ್ತರ ಕೊಟ್ಟು ಪೇಚಿಗೆ ಸಿಕ್ಕಿದ್ದು ನನಗೆ ಕೇಳಿಸಿತ್ತು. ನಾನು ಮೂರು ಹಂತಗಳನ್ನು ಹೇಳತೊಡಗಿದಾಗ ಅವರು ತಡೆದು, ಬೇಕರಿಯಲ್ಲಿ ಏನು ಕಲಿಯಬೇಕೆಂದಿದ್ದೀರಿ ಎಂದರು. ಹುದುಗಿಸಿದ ಹಿಟ್ಟಿನ ಬಗ್ಗೆ ಹೇಳಿದೆ. ನಮ್ಮಲ್ಲಿ ದೋಸೆ ಹಿಟ್ಟನ್ನು ರಾತ್ರಿಯಿಡೀ ಹುಳಿ ಬರಿಸುವ ಮಾತೂ ಬಂತು. ಹಿಂತಿರುಗಿ ಏನು ಮಾಡುತ್ತೀರೆಂಬ ಪ್ರಶ್ನೆಗೆ ಕುಂದಾಪುರದಲ್ಲಿರುವ ಚಿಕ್ಕಪ್ಪನ ಹೋಟೆಲಿನಲ್ಲಿ ಬೇಕರಿ ವಿಭಾಗ ತೆರೆಯುವ ಯೋಚನೆಯನ್ನು ತಿಳಿಸಿದೆ. ವಾಪಸು ಬರುತ್ತೀರೆಂಬ ನಂಬಿಕೆ ಅಧಿಕಾರಿಗೆ ಹುಟ್ಟದಿದ್ದರೆ ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮಿನಡಿ ನಿರಾಕರಿಸುತ್ತಾರೆ, ಆದ್ದರಿಂದ ಈ ಉತ್ತರ ನಿಮ್ಮ ಬದುಕಿನಲ್ಲಿ ನಿಜವಾಗಿಯೂ ಇರುವ ಸಂಗತಿಯಾಗಿರಬೇಕು. ಕೊನೆಗೆ, ಉದ್ಯೋಗಿಗಳ ಹಕ್ಕುಗಳ ಕಿರುಹೊತ್ತಿಗೆಯನ್ನು ಓದಿದ್ದೀರಾ ಎಂದು ಕೇಳಿದರು. ಮಾಲೀಕರು ನಿಮ್ಮ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದು ಅದರಲ್ಲಿದೆ ಎಂದೆ. ಎಲ್ಲ ಸೇರಿ ನಾಲ್ಕು ನಿಮಿಷವೂ ಆಗಿರಲಿಕ್ಕಿಲ್ಲ.

ಪಾಸ್‌ಪೋರ್ಟನ್ನು ಅವರೇ ಇಟ್ಟುಕೊಂಡರು; ವೀಸಾ ಅಂಟಿಸಿದ ಮೇಲೆ ಅರ್ಜಿಯಲ್ಲಿ ಆಯ್ದುಕೊಂಡಿದ್ದ ಸಂಗ್ರಹ ಕೇಂದ್ರದಿಂದ ಪಡೆದೆ. ವಿಮಾನದ ಟಿಕೆಟನ್ನು ಅದಾದ ನಂತರವೇ ಕೊಳ್ಳಿ, ಮತ್ತು ಡಿಎಸ್-2019ರಲ್ಲಿರುವ ಆರಂಭದ ದಿನಾಂಕಕ್ಕಿಂತ 30 ದಿನಗಳಿಗೂ ಮೊದಲು ಅಮೆರಿಕ ಪ್ರವೇಶಿಸಲು ಬಿಡುವುದಿಲ್ಲವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.