ಬಾಯ್ಲರ್ ರಿಪೇರಿಯವರಿಗೆ ಬರೆದ ಸರ್ಕಾರಿ ಫ್ರೆಂಚ್

ಫ್ರಾನ್ಸಿನ ಕ್ಲೈಂಟ್ ಒಬ್ಬರ ಅಕೌಂಟ್ಸ್ ಪೇಯಬಲ್ ಕೆಲಸವನ್ನು, ಅಂದರೆ ವೆಂಡರ್‌ಗಳ ಬಿಲ್ಲು ಪಾವತಿಸುವ ಕೆಲಸವನ್ನು, ಬೆಂಗಳೂರಿನಲ್ಲಿ ಕುಳಿತು ಮಾಡುವ ತಂಡ ನಮ್ಮದು. ವೆಂಡರ್‌ಗಳಿಗೆ ಹೋಗುವ ಫ್ರೆಂಚ್ ಮೇಲ್‌ಗಳ ಹೊಣೆ ನನ್ನದು. ತಿಂಗಳಿಗೊಮ್ಮೆ ಕ್ವಾಲಿಟಿಯವರು ಕೆಲವು ಮೇಲ್‌ಗಳನ್ನು ಹೆಕ್ಕಿ, ವ್ಯಾಕರಣ, ಎಸ್‌ಎಲ್‌ಎ (ಕೆಲಸ ಮುಗಿಸುವ ಗಡುವು), ‘ಟೋನ್’ ಎಂಬ ಕಾಲಮುಗಳಲ್ಲಿ ಅಂಕ ಹಾಕುತ್ತಾರೆ. ಅವರಲ್ಲಿ ಫ್ರೆಂಚ್ ಓದಬಲ್ಲವರು ಕಡಿಮೆ. ವಾಕ್ಯ ಉದ್ದವಾಗಿದ್ದಷ್ಟೂ ಅದು ಮರ್ಯಾದಸ್ಥ ವಾಕ್ಯವೆಂದು ಅವರ ಲೆಕ್ಕ. ಈ ಕಾಲಮಿಗೆ ಹೆದರಿಯೇ ನಾವು ‘ಕೊಂತಾಕ್ತೆ’ (ಸಂಪರ್ಕಿಸು) ಎಂಬ ಸರಳ ಕ್ರಿಯಾಪದವನ್ನು ಟೆಂಪ್ಲೇಟಿನಿಂದ ತೆಗೆದೆವು. ಇಂಗ್ಲಿಷಿನಿಂದ ನುಸುಳಿ ಬಂದದ್ದೆಂದು ಫ್ರೆಂಚ್ ಶುದ್ಧಿವಾದಿಗಳು ಅದರ ಬಗ್ಗೆ ಬಹುಕಾಲ ಮೂಗು ಮುರಿದಿದ್ದರಿಂದ ನಮಗೊಂದು ನೆಪವೂ ಸಿಕ್ಕಿತ್ತು. ಅದರ ಜಾಗಕ್ಕೆ ನಾನು ತಂದು ಕೂರಿಸಿದ್ದು ‘ಪ್ರಾಂದ್ರ್ ಲತಾಶ್ ದ’ ಎಂಬ ಪ್ರಯೋಗವನ್ನು. ಇಂಥವರನ್ನು ಸಂಪರ್ಕಿಸುವುದು ಎಂದಷ್ಟೇ ಅದರ ಅರ್ಥ. ಆದರೆ ಅದು ಓಡಾಡುವುದು ಸಚಿವಾಲಯ, ಪ್ರೆಫೆಕ್ತ್ಯೂರ್ (ಸರ್ಕಾರದ ಜಿಲ್ಲಾ ಕಚೇರಿ), ವಕೀಲರ ಕಚೇರಿಗಳ ಪತ್ರಗಳಲ್ಲಿ ಮತ್ತು ಫ್ರೆಂಚ್ ಆಡಳಿತ ಭಾಷೆಯಾಗಿರುವ ಪಶ್ಚಿಮ ಆಫ್ರಿಕಾದ ಕಡತಗಳಲ್ಲಿ. ಮನೆಮನೆಗೆ ಹೋಗಿ ಬಾಯ್ಲರ್ ಸರಿಮಾಡುವವರ ಕಿವಿಗೆ ಅದು ಬೀಳುವುದು ಅಪರೂಪ.

ಅಂಥ ಬಾಯ್ಲರ್ ರಿಪೇರಿಯವರೊಬ್ಬರು ಬ್ಯಾಂಕ್ ಬದಲಾಯಿಸಿ, ಹೊಸ ರಿಬ್ ಅನ್ನು, ಅಂದರೆ ಖಾತೆಯ ವಿವರದ ಚೀಟಿಯನ್ನು, ನಮಗೆ ಮೇಲ್ ಮಾಡಿದರು. ಎಫ್‌ಆರ್ ಎಂದು ಶುರುವಾಗುವ 27 ಅಕ್ಷರಗಳ ಐಬಾನ್ (ಬ್ಯಾಂಕ್ ಖಾತೆ ಸಂಖ್ಯೆ) ಎಷ್ಟೇ ಸರಿಯಾಗಿ ಕಂಡರೂ ಕೊಂತ್ರ್-ಅಪೆಲ್, ಅಂದರೆ ನಾವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು, ಆಗದೆ ವೆಂಡರ್ ಮಾಸ್ಟರ್ (ವೆಂಡರ್‌ಗಳ ವಿವರಗಳ ದಾಖಲೆ) ಮುಟ್ಟುವಂತಿಲ್ಲ. ಮೇಲ್‌ನಲ್ಲಿ ಬಂದ ನಂಬರಿಗೆ ಫೋನ್ ಮಾಡುವಂತೆಯೂ ಇಲ್ಲ, ಏಕೆಂದರೆ ವಂಚಕರು ಮೊದಲು ಕೊಡುವುದೇ ತಮ್ಮ ನಂಬರನ್ನು. ಮಾಸ್ಟರ್‌ನಲ್ಲಿದ್ದ ಹಳೆಯ ನಂಬರ್ ಬಳಕೆಯಲ್ಲಿರಲಿಲ್ಲ. ಇಂಥ ಸಂದರ್ಭದಲ್ಲಿ ವೆಂಡರ್ ತಮ್ಮನ್ನು ಬಲ್ಲ ಪರ್ಚೇಸ್ ವಿಭಾಗದವರೊಡನೆ ಮಾತನಾಡಿ, ಅವರು ಹೊಸ ನಂಬರನ್ನು ನಮಗೆ ದೃಢಪಡಿಸಬೇಕು. ನಾನು ಪೇಮೆಂಟ್ ಬ್ಲಾಕ್ ಹಾಕಿ, ಪರ್ಚೇಸ್ ವಿಭಾಗದ ‘ಅತಾಶ್’ ತೆಗೆದುಕೊಳ್ಳಲು ದಯಮಾಡಿ ಒಪ್ಪಬೇಕೆಂದು ಪ್ರಾರ್ಥಿಸುವ ಸುದೀರ್ಘ ವಾಕ್ಯವೊಂದನ್ನು ಬರೆದು ಕಳುಹಿಸಿದೆ.

‘ನಿಮ್ಮ ಮೇಲ್‌ನಲ್ಲಿ ಯಾವ ಪಿಯೆಸ್ ಜ್ವಾಂತ್ (ಲಗತ್ತು) ಕೂಡ ಇಲ್ಲ’ ಎಂದು ಒಂದೇ ಸಾಲಿನ ಉತ್ತರ ಬಂತು. ‘ಅತಾಶ್’ ಎಂದರೆ ಲಗತ್ತು ಎಂದುಕೊಂಡು ಅವರು ಅದನ್ನೇ ಹುಡುಕುತ್ತಿದ್ದಾರೆಂಬುದು ಆಗ ನನಗೆ ಹೊಳೆಯಲಿಲ್ಲ. ಫ್ರೆಂಚ್ ಮಾತೃಭಾಷೆಯವರಿಗೆ ಫ್ರೆಂಚ್ ಅರ್ಥವಾಗದಿರಬಹುದೆಂಬ ಯೋಚನೆ ಬರಲಾದರೂ ಹೇಗೆ ಸಾಧ್ಯ? ಪಾಪ, ವೆಂಡರ್ ಫಾರ್ಮ್ ಕೇಳುತ್ತಿದ್ದಾರೆಂದು ಭಾವಿಸಿ ಖಾಲಿ ಫಾರ್ಮ್ ಲಗತ್ತಿಸಿದೆ. ಜೊತೆಗೆ ಅದೇ ವಾಕ್ಯವನ್ನು ಇನ್ನೊಮ್ಮೆ, ಈ ಬಾರಿ ದಪ್ಪ ಅಕ್ಷರದಲ್ಲಿ, ಸೇರಿಸಿದೆ. ಅವರು ಫಾರ್ಮನ್ನು ಶ್ರದ್ಧೆಯಿಂದ ತುಂಬಿ, ಸಹಿ ಹಾಕಿ, ಅಂಗಡಿಯ ಸೀಲು ಒತ್ತಿ ಹಿಂದಿರುಗಿಸಿದರು. ನಾನು ಟಿಕೆಟನ್ನು ‘ವೆಂಡರ್ ಕಡೆಯಿಂದ ಬಾಕಿ’ ಎಂಬ ಸ್ಟೇಟಸ್ಸಿಗೆ ಹಾಕಿ ಎಸ್‌ಎಲ್‌ಎ ಗಡಿಯಾರವನ್ನು ನಿಲ್ಲಿಸಿದೆ. ನಮ್ಮ ಟೂಲ್‌ನಲ್ಲಿ ಗಡಿಯಾರ ನಿಂತರೆ ಟಿಕೆಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಕಾಯುತ್ತಿದ್ದರು, ನಾವೂ ಕಾಯುತ್ತಿದ್ದೆವು.

ಮುಂದೆ ಬಂದದ್ದು ರಿಜಿಸ್ಟರ್ಡ್ ಅಂಚೆಯಲ್ಲಿ ಕ್ಲೈಂಟಿನ ವಿಳಾಸಕ್ಕೆ ಒಂದು ಮೀಜ್ ಆಂ ದಮ್ಯೂರ್ (ಹಣ ಕೊಡಿ ಎಂಬ ಕಾನೂನು ನೋಟಿಸ್), ಅದರ ಹಿಂದೆಯೇ ನಮಗೊಂದು ಎಸ್ಕಲೇಷನ್ (ಮೇಲಿನವರ ಮಟ್ಟದ ದೂರು). ಫ್ರಾನ್ಸಿನಲ್ಲಿ ವ್ಯಾಪಾರಿಗಳ ನಡುವಿನ ಬಿಲ್ಲಿಗೆ ಸಾಮಾನ್ಯ ಗರಿಷ್ಠ ಗಡುವು ಇನ್‌ವಾಯ್ಸ್ ದಿನಾಂಕದಿಂದ 60 ದಿನ. ತಡವಾದರೆ ಬಡ್ಡಿಯ ಜೊತೆಗೆ, ನೆನಪೋಲೆ ಕಳುಹಿಸುವ ಅಗತ್ಯವೂ ಇಲ್ಲದೆ, ಪ್ರತಿ ಇನ್‌ವಾಯ್ಸಿಗೆ 40 ಯೂರೋ ವಸೂಲಿ ವೆಚ್ಚ ಸೇರಿಕೊಳ್ಳುತ್ತದೆ. 2013ರಿಂದ ಈ ನಿಯಮ ಜಾರಿಯಲ್ಲಿದೆ. ರಿಪೇರಿಯವರದು ಸಣ್ಣ ಸಣ್ಣ ಮೊತ್ತದ ಹಲವು ಇನ್‌ವಾಯ್ಸ್‌ಗಳಾಗಿದ್ದುದರಿಂದ ಕೆಲವಕ್ಕೆ ದಂಡವೇ ಭಾರಿಯಾಗಿ ಕಂಡಿತು.

ಈ ಕುರಿತ ಕಾಲ್ ಇದ್ದದ್ದು ಪೇಮೆಂಟ್ ರನ್ (ಬಿಲ್ಲುಗಳ ಒಟ್ಟಿಗಿನ ಪಾವತಿ) ಲಾಕ್ ಆಗುವ ಸ್ವಲ್ಪ ಮೊದಲು. ಕ್ಲೈಂಟ್ ಕಡೆಯ ಅಕೌಂಟೆಂಟ್ ಮೇಡಂ ಸ್ಕ್ರೀನ್ ಶೇರ್ ಮಾಡಿ, ನನ್ನ ಮೇಲ್ ಅನ್ನು ಗಟ್ಟಿಯಾಗಿ ಓದತೊಡಗಿದರು. ‘ಲತಾಶ್’ಗೆ ಬಂದಾಗ ನಿಲ್ಲಿಸಿ, ಮೈಕ್ ಮ್ಯೂಟ್ ಮಾಡಿಕೊಂಡರು. ಅವರ ಭುಜ ಅಲುಗುವುದು ಕಾಣುತ್ತಿತ್ತು. ಕೋಪವೋ ನಗುವೋ ತಿಳಿಯಲಿಲ್ಲ. ಇತ್ತ ಚಾಟ್‌ನಲ್ಲಿ ಟೀಮ್ ಲೀಡ್ ‘ಏನ್ರೀ ಅದು ಅತಾಶ್?’ ಎಂದು ಬರೆದರು. ಟೈಪ್ ಮಾಡಿದ್ದನ್ನೆಲ್ಲ ನಾನು ಅಳಿಸುತ್ತಾ ಕುಳಿತಿದ್ದೆ. ಮೇಡಂ ಮೈಕ್ ಆನ್ ಮಾಡಿ, ‘ಈ ಪತ್ರ ಬರೆದವರು ಹಿಂದೆ ಪ್ರೆಫೆಕ್ತ್ಯೂರ್‌ನಲ್ಲಿ ಕೆಲಸ ಮಾಡಿದವರೇ?’ ಎಂದು ಕೇಳಿದರು. ನಮ್ಮ ಲೀಡ್ ಗಂಭೀರವಾಗಿ, ‘ಇಲ್ಲ ಮೇಡಂ, ಅವರು ಫ್ರೆಂಚ್ ಬಿ2 ಪರೀಕ್ಷೆ ಪಾಸ್ ಮಾಡಿದ್ದಾರೆ’ ಎಂದರು.

ಮೇಡಂ ಮತ್ತೇನೂ ಕೇಳದೆ, ಬಾಯ್ಲರ್ ಕೆಲಸ ಮಾಡಿಸಿದ್ದ ಸೈಟಿನವರಿಂದ ನಂಬರ್ ಪಡೆದು, ನಮ್ಮೆದುರೇ ಫೋನ್ ಹಚ್ಚಿದರು. ‘ಅವರು ಕಳಿಸಿದ ಕಾಗದ ತುಂಬಿದ್ದೇನೆ, ಸೀಲೂ ಹಾಕಿದ್ದೇನೆ, ಇನ್ನೇನು ಬೇಕಂತೆ?’ ಎಂಬ ದೊಡ್ಡ ದನಿ ನಮಗೂ ಕೇಳಿಸಿತು. ಐಬಾನ್‌ನ ಕೊನೆಯ ಅಂಕಿಗಳನ್ನು ಅವರು ಓದಿ ಹೇಳಿದರು, ಬ್ಲಾಕ್ ತೆಗೆದೆವು, ಬಿಲ್ಲುಗಳು ಅಂದಿನ ರನ್‌ನಲ್ಲೇ ಸೇರಿದವು.

ಆ ಪ್ರಯೋಗದಲ್ಲಿ ತಪ್ಪೇನೂ ಇಲ್ಲ, ಅದರ ವ್ಯಾಕರಣವೂ ಸರಿಯಿತ್ತು. ಗ್ಯಾಸ್ ಸ್ಟವ್ ರಿಪೇರಿಯವನಿಗೆ ತಾಲ್ಲೂಕು ಕಚೇರಿಯ ಶೈಲಿಯಲ್ಲಿ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ಚೀಟಿ ಬರೆದಂತೆ ಅದು ಜಾಗ ತಪ್ಪಿತ್ತು. ಮುನಿಸಿಪಾಲಿಟಿ, ತೆರಿಗೆ ಕಚೇರಿಗಳಿಗೆ ಬರೆಯುವಾಗ ನಾನು ಈಗಲೂ ಅದನ್ನೇ ಬಳಸುತ್ತೇನೆ, ಅವರಿಂದ ಅದೇ ಧಾಟಿಯ ಉತ್ತರವೂ ಬರುತ್ತದೆ. ಬ್ಯಾಂಕು, ವಿಮೆಯವರಿಗೆ ಪ್ರಿಯವಾದ ‘ಸ ರಪ್ರೊಶೆ ದ’ (ಇದಕ್ಕೂ ಸಂಪರ್ಕಿಸುವುದು ಎಂದೇ ಅರ್ಥ) ಕೂಡ ನಮ್ಮ ಕೆಲಸದಲ್ಲಿ ಅಪಾಯವೇ. ‘ನಮ್ಮ ವಿಭಾಗದೊಡನೆ ಮಾತನಾಡಿ’ ಎನ್ನಲು ವೆಂಡರ್ ಒಬ್ಬರು ಆ ಪ್ರಯೋಗ ಬಳಸಿದ್ದನ್ನು ನೋಡಿ, ರಪ್ರೊಶ್‌ಮಾಂ ಎಂದರೆ ರೀಕನ್ಸಿಲಿಯೇಷನ್ (ಲೆಕ್ಕ ತಾಳೆ ನೋಡುವುದು) ಎಂದಷ್ಟೇ ಕಲಿತಿದ್ದ ಹೊಸ ಹುಡುಗಿಯೊಬ್ಬಳು ಇಡೀ ಖಾತೆಯ ರೀಕನ್ಸಿಲಿಯೇಷನ್ ಮಾಡಲು ಕುಳಿತಿದ್ದಳು. ‘ಜ್ವಾಂದ್ರ್’ ಎಂದರೂ ಪಾರಾಗುವಂತಿಲ್ಲ. ಅದಕ್ಕೆ ಫೋನಿನಲ್ಲಿ ಸಿಗುವುದು, ಕಾಗದ ಲಗತ್ತಿಸುವುದು ಎಂಬ ಎರಡೂ ಅರ್ಥಗಳಿವೆ.

ಈಗ ಸಣ್ಣ ವೆಂಡರ್‌ಗಳಿಗೆ ಯಾರು ಯಾರಿಗೆ, ಯಾವ ನಂಬರಿಗೆ, ಎಷ್ಟು ಗಂಟೆಯೊಳಗೆ ಫೋನ್ ಮಾಡಬೇಕು ಮತ್ತು ಮಾಡದಿದ್ದರೆ ಹಣ ಏಕೆ ನಿಲ್ಲುತ್ತದೆ ಎಂಬುದನ್ನು ಎರಡು ಗಿಡ್ಡ ವಾಕ್ಯಗಳಲ್ಲಿ ಬರೆಯುತ್ತಿದ್ದೇನೆ. ಟೆಂಪ್ಲೇಟ್ ಬದಲಾವಣೆಯ ಚೇಂಜ್ ರಿಕ್ವೆಸ್ಟ್ ಇನ್ನೂ ಅಪ್ರೂವಲ್‌ನಲ್ಲಿ ಕೊಳೆಯುತ್ತಿದೆಯಾದ್ದರಿಂದ, ಹಳೆಯ ಸಾಲನ್ನು ಪ್ರತಿ ಮೇಲ್‌ನಲ್ಲೂ ಕೈಯಿಂದಲೇ ಅಳಿಸಬೇಕು. ಕ್ವಾಲಿಟಿಯವರ ಕಳೆದ ಶೀಟಿನಲ್ಲಿ ‘ಟೋನ್’ ಕಾಲಮಿನೆದುರು ‘ಔಪಚಾರಿಕತೆ ಸಾಲದು’ ಎಂಬ ಷರಾ ಇತ್ತು. ಮೇಡಂ ಓದಿ ನಕ್ಕ ಮೇಲ್‌ಗೆ ಅದೇ ಕಾಲಮಿನಲ್ಲಿ ಪೂರ್ತಿ ಅಂಕ ಸಿಕ್ಕಿತ್ತು.